ಅಕ್ಕ ಯಾಕೆ ಬಂದಳು

ವಿಜಾಪುರ ಜಿಲ್ಲೆಯ ಇಂಡಿಯಲ್ಲಿ ನಾನು ಬಾಡಿಗೆಗೆ ಹಿಡಿದದ್ದು ಎರಡು ಕೋಣೆಯ ಮನೆ. ಮುಂದಿನ ಕೋಣೆಯಲ್ಲಿ ನಾನು, ನನ್ನ ಟ್ರಂಕು, ಶಾಲೆಯ ಪುಸ್ತಕಗಳು. ಹಿಂದಿನದು ಅಡುಗೆಯದು. ಆ ಮನೆಗೆ ಬಂದ ವಾರವೇ ಸಂತೆಯಲ್ಲಿ ಎರಡು ಸ್ಟೀಲಿನ ತಾಟು ಕೊಂಡಿದ್ದೆ. ಒಂದರಲ್ಲಿ ನಾನು ಉಣ್ಣುತ್ತಿದ್ದೆ. ಇನ್ನೊಂದು ಗೋಡೆಯ ಮಾಡದಲ್ಲಿ ಆನಿಕೊಂಡು ನಿಂತಿರುತ್ತಿತ್ತು. ಆಗಾಗ ಅದರ ಧೂಳು ಒರೆಸಿ ಮತ್ತೆ ಅಲ್ಲೇ ನಿಲ್ಲಿಸುತ್ತಿದ್ದೆ. ಅದು ನನ್ನ ಅಕ್ಕನ ತಾಟು. ಅಕ್ಕ ಆಗ ಮುದ್ದೇಬಿಹಾಳದಲ್ಲಿ ಹೆಣ್ಣುಮಕ್ಕಳ ಹಾಸ್ಟೆಲೊಂದರಲ್ಲಿ ಅಡುಗೆ ಮಾಡಿಕೊಂಡಿದ್ದಳು. ನನ್ನ ಹತ್ತಿರ ಬಂದು ಇರು ಎಂದು ಹೋದಾಗಲೆಲ್ಲ ಕರೆಯುತ್ತಿದ್ದೆ. ಅವಳು ಬರುತ್ತಿರಲಿಲ್ಲ. ಯಾಕೆ ಬರುವುದಿಲ್ಲ ಎಂದು ಹೇಳುತ್ತಲೂ ಇರಲಿಲ್ಲ.

ಎಪ್ಪತ್ತರ ದಶಕದ ನಡುವಿನ ಮಾತು ಇದು. ಊರಿನವರೆಲ್ಲ ನನ್ನನ್ನು ಅಕ್ಕೋರು ಎನ್ನುತ್ತಿದ್ದರು. ನಮ್ಮ ಕಡೆ ಕಲಿಸುವ ಹೆಂಗಸಿಗೆ ಹಾಗೇ ಅನ್ನುವುದು. ತರಕಾರಿಯವಳು, ಹಾಲಿನವನು, ನನ್ನ ತಾಯಿಯ ವಯಸ್ಸಿನ ಮನೆಯೊಡತಿ ಕೂಡ ಅಕ್ಕೋರ ಅಂದಾಗ ನನಗೆ ಒಳಗೊಳಗೇ ಸಿಟ್ಟು ಬರುತ್ತಿತ್ತು. ನಾನು ಮನೆಗೆ ಕಿರಿಯ ಮಗಳು. ಅಕ್ಕ ಅನ್ನಿಸಿಕೊಳ್ಳಬೇಕಾದವಳು ಮುದ್ದೇಬಿಹಾಳದಲ್ಲಿ ಬೇರೆಯವರ ಮಕ್ಕಳಿಗೆ ರೊಟ್ಟಿ ಬಡಿಯುತ್ತ ಕೂತಿದ್ದಳು.

ನಾನು ಕಲಿಸುತ್ತಿದ್ದದ್ದು ಇಂಗ್ಲಿಷು. ಎಂಟನೆಯ ಇಯತ್ತೆಯ ಹುಡುಗಿಯರಿಗೆ ಬಿಕಾಜ್ ಹಾಕಿ ವಾಕ್ಯ ಮಾಡುವುದನ್ನು ಹೇಳಿಕೊಡುವ ಪಾಠ ಪ್ರತಿವರ್ಷ ಬರುತ್ತಿತ್ತು, ಪ್ರತಿವರ್ಷ ನನ್ನ ತಲೆ ಕೆಡುತ್ತಿತ್ತು. ಒಬ್ಬ ರೈತ ಎತ್ತು ಮಾರಿದ, ಯಾಕೆ ಮಾರಿದ? ಮೊದಲು ಕನ್ನಡದಲ್ಲೇ ಹೇಳಿರಿ ಎಂದೆ. ಒಬ್ಬಳು ಎದ್ದು ನಿಂತಳು.

"ಎತ್ತಿಗೆ ವಯಸ್ಸಾಗಿತ್ತರಿ. ಸಂತಿಗಿ ಹೊಡ್ಕೊಂಡು ಹೋದ. ಗಿರಾಕಿ ಬಂತರಿ. ಮಾರಿದ."

"ಅದಲ್ಲ. ಯಾಕ ಮಾರಿದ?"

"ಹೇಳಿದ್ನಲ್ರಿ ಅಕ್ಕೋರ," ಅಂದಳು ಆ ಹುಡುಗಿ, ನನಗೇ ಕಿವಿ ಮಂದವಾಗಿದೆಯೇನೋ ಎಂಬಂತೆ.

ಅವಳದು ತಪ್ಪಲ್ಲ. ನಮ್ಮ ಜನ ಒಬ್ಬರು ಮಾಡಿದ್ದನ್ನು ಹೇಳುವ ರೀತಿಯೇ ಹಾಗೆ. ಮೊದಲು ಇದಾಯಿತು, ಆಮೇಲೆ ಅದಾಯಿತು, ಹೋದ, ಬಂದ, ಬಿಟ್ಟ. ಕಾರಣ ಬೇಕಾದವರು ಅದರೊಳಗೆ ಹುಡುಕಿಕೊಳ್ಳಬೇಕು. ಇಂಗ್ಲಿಷ್ ಮಾತಾಡುವವರ ಪುಸ್ತಕದಲ್ಲಿ ಹಾಗಿಲ್ಲ. ಅಲ್ಲಿ ಒಬ್ಬ ಮಾಡಿದ ಕೆಲಸ ಒಂದು ಕಡೆ, ಅದರ ಕಾರಣ ಇನ್ನೊಂದು ಕಡೆ, ನಡುವೆ ಬಿಕಾಜ್ ಎಂಬ ಕೊಂಡಿ. ಅವನು ಓಡಿದ, ಹೆದರಿದ್ದ ಕಾರಣ. ಅವಳು ಅತ್ತಳು, ಗೊಂಬೆ ಮುರಿದ ಕಾರಣ. ಸತ್ತು ನೂರಾರು ವರ್ಷವಾದ ರಾಜ ಯಾಕೆ ಯುದ್ಧಕ್ಕೆ ಹೋದ ಎಂಬುದೂ ಅವರಿಗೆ ಅವನ ಹೆಂಡತಿಗಿಂತ ಚೆನ್ನಾಗಿ ಗೊತ್ತು. ಕಲಿಯುವಾಗ ನನಗೆ ಈ ರೀತಿ ಬಹಳ ಹಿಡಿಸಿತ್ತು. ಎಲ್ಲಕ್ಕೂ ಒಂದು ಉತ್ತರ ಇರುತ್ತದಲ್ಲ ಎಂದು ಸಮಾಧಾನ ಆಗುತ್ತಿತ್ತು. ಯಾಕೆಂದರೆ ನಮ್ಮ ಮನೆಯಲ್ಲಿ ಯಾವುದಕ್ಕೂ ಉತ್ತರ ಇರಲಿಲ್ಲ.

ನಮ್ಮದು ಬಸವನ ಬಾಗೇವಾಡಿ ತಾಲೂಕಿನ ಹೂವಿನ ಹಿಪ್ಪರಗಿ. ಅಪ್ಪ ಬಟ್ಟೆ ಹೊಲಿಯುತ್ತಿದ್ದ. ಕಟ್ಟೆಯ ಮೇಲೆ ಮಷೀನು, ಕೊರಳಲ್ಲಿ ಟೇಪು, ಬಾಯಲ್ಲಿ ಎರಡು ಗುಂಡುಸೂಜಿ. ಅವ್ವ ನಾವು ಸಣ್ಣವರಿದ್ದಾಗಲೇ ತೀರಿಕೊಂಡಿದ್ದಳು. ನನ್ನ ಜಡೆ ಹೆಣೆದವಳು, ಪರೀಕ್ಷೆಗೆ ಹೊರಟಾಗ ಕೈಯಲ್ಲಿ ಮೊಸರು ಹಾಕಿದವಳು ಅಕ್ಕ. ಅವಳನ್ನು ಕೊಲ್ಹಾರಕ್ಕೆ ಕೊಟ್ಟರು. ಎರಡನೆಯ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ಅವಳು ಬರಿಗೈಯಲ್ಲಿ ಬಂದು ಅಂಗಳದಲ್ಲಿ ನಿಂತಳು. ನಮ್ಮ ವೈನಿ, ಅಂದರೆ ಅಣ್ಣನ ಹೆಂಡತಿ, ಕಾಲಿಗೆ ನೀರು ಕೊಟ್ಟಳು. ಅಪ್ಪ ಮಷೀನು ನಿಲ್ಲಿಸಿ ನೋಡಿದ. "ಬಾ ಯವ್ವಾ. ಉಂಡೇನು?" ಎಂದ. ಅಷ್ಟೇ. ನಮ್ಮಲ್ಲಿ ಹೊಸ್ತಿಲು ತುಳಿದವರನ್ನು ಯಾಕೆ ಬಂದೆ ಎಂದು ಕೇಳುವುದು ಹೊರಗೆ ಹೋಗು ಎಂದ ಹಾಗೆ. ಸಾಲ ಕೇಳಲು ಬಂದವನನ್ನೂ ಹಾಗೆ ಕೇಳುವುದಿಲ್ಲ, ಇನ್ನು ಮಗಳನ್ನು ಕೇಳುವುದುಂಟೆ.

ಊರು ಮಾತ್ರ ಕೇಳಿತು. ಬಟ್ಟೆ ಕೊಡಲು ಬಂದವರು ಅರ್ಧ ತಾಸು ಕೂತು, ಸುತ್ತು ಬಳಸಿ ಕೊನೆಗೆ ಅಲ್ಲಿಗೇ ಬರುತ್ತಿದ್ದರು. "ಮಗಳು ಯಾಕ ಬಂದಾಳ?" ಅಪ್ಪ ಕತ್ತರಿ ಕೆಳಗಿಡದೆ ಹೇಳುತ್ತಿದ್ದ ಮಾತು ಒಂದೇ. "ಬಂದಾಳ್ರಿ. ಆಕಿ ಮನಿ ಐತಿ." ಎತ್ತು ಈಯಿತು ಎಂದರೆ ಕೊಟ್ಟಿಗೆಯಲ್ಲಿ ಕಟ್ಟು ಎನ್ನುವ ಜನ. ಗಂಡ ಕುಡುಕ ಎಂದರು, ಅತ್ತೆ ಗಟ್ಟಿಗಿತ್ತಿ ಎಂದರು, ಮಕ್ಕಳಾಗಲಿಲ್ಲ ಎಂದರು. ಅಕ್ಕ ಯಾವುದಕ್ಕೂ ಹೌದು ಅನ್ನಲಿಲ್ಲ, ಅಲ್ಲ ಅನ್ನಲಿಲ್ಲ. ನಾನೂ ಕೇಳಲಿಲ್ಲ. ಆ ಮನೆಯಲ್ಲಿ ಬೆಳೆದವರಿಗೆ ಕೇಳಲು ನಾಲಗೆ ಏಳುತ್ತಿರಲಿಲ್ಲ.

ಅಪ್ಪನ ಇನ್ನೊಂದು ಗುಣವನ್ನೂ ಇಲ್ಲೇ ಹೇಳಿಬಿಡಬೇಕು. ಯಾರಾದರೂ ಹೋದ ವರ್ಷದ ಅಂಗಿ ತಂದು ಬಿಗಿಯಾಗುತ್ತದೆ ಎಂದರೆ ಅವನು ಅವರ ಹೊಟ್ಟೆಯ ಕಡೆ ನೋಡುತ್ತಲೇ ಇರಲಿಲ್ಲ. "ಅರಿವಿ ನೀರಾಗ ಕುಗ್ಗೇತ್ರಿ," ಎಂದು ತನ್ನ ಬಟ್ಟೆಗೇ ತಪ್ಪು ಹೊರಿಸಿ, ಹೊಲಿಗೆ ಬಿಚ್ಚಿ, ಒಳಗೆ ಮಡಚಿಟ್ಟಿದ್ದ ಅರಿವೆ ಬಿಟ್ಟು ಮತ್ತೆ ಹೊಲಿದು ಕೊಡುತ್ತಿದ್ದ. ಅವರು ಹೋದ ಮೇಲೆ ನಾನೂ ಅಕ್ಕನೂ ಬಾಯಿಗೆ ಸೆರಗು ಒತ್ತಿ ನಗುತ್ತಿದ್ದೆವು. ಆಮೇಲಾಮೇಲೆ ನಮ್ಮಿಬ್ಬರ ನಡುವೆ ಅದು ಒಂದು ಗುಟ್ಟಿನ ಮಾತೇ ಆಯಿತು. ಯಾರು ನೆಪ ಹೇಳಿದರೂ ಅಕ್ಕ ನನ್ನ ಕಡೆ ನೋಡಿ "ಅರಿವಿ ಕುಗ್ಗೇತಿ" ಅನ್ನುವಳು.

ನನಗೆ ಸಿಂದಗಿಯಲ್ಲಿ ನೌಕರಿ ಸಿಕ್ಕಿತು. ಅಕ್ಕನಿಗಾದ ಸಂತೋಷ ನನಗೂ ಆಗಿರಲಿಲ್ಲ. "ನೀ ಸಾಲಿಗೆ ಹೋಗು, ನಾ ರೊಟ್ಟಿ ಮಾಡಿ ಹಾಕ್ತೇನಿ. ನಾವಿಬ್ಬರ ಇರೂಣು," ಅಂದಳು. ವೈನಿಯ ಅಡುಗೆಮನೆಯಲ್ಲಿ ಅತಿಥಿಯ ಹಾಗೆ ಇದ್ದವಳು ಅವಳು. ತನ್ನದೊಂದು ಒಲೆ ಬೇಕಿತ್ತು ಅವಳಿಗೆ. ನಾನು ಮೊದಲು ಹೋಗಿ ಮನೆ ನೋಡುವುದು, ದೀಪಾವಳಿ ಸೂಟಿ ಮುಗಿಸಿ ಇಬ್ಬರೂ ಕೂಡಿ ಹೋಗುವುದು ಎಂದು ಮಾತಾಯಿತು.

ಆ ಸೂಟಿಯಲ್ಲೇ ನನ್ನನ್ನು ನೋಡಲು ಬಂದರು. ಹುಡುಗ ವಿಜಾಪುರದಲ್ಲಿ ಬ್ಯಾಂಕಿನ ನೌಕರ, ನಮ್ಮವರೇ, ಕಲಿತವನು. ಇಬ್ಬರೂ ಓದಿದವರು, ನಾಲ್ಕು ಮಾತಾಡಲಿ ಎಂದು ಹಿರಿಯರು ನಮ್ಮನ್ನು ಅಂಗಳದ ಬೇವಿನ ಗಿಡದ ಹತ್ತಿರ ಬಿಟ್ಟರು. ಅವನು ಇಂಗ್ಲಿಷಿನಲ್ಲಿ ಶುರು ಮಾಡಿದ. ಹವೆಯ ಬಗ್ಗೆ, ಸಿಂದಗಿಯ ಬಗ್ಗೆ ಹೇಳಿ ಆಮೇಲೆ ಅಕ್ಕನ ವಿಷಯಕ್ಕೆ ಬಂದ. ನಿಮ್ಮ ಅಕ್ಕ ಗಂಡನ ಮನೆ ಬಿಟ್ಟು ಬಂದದ್ದು ಆಕೆಗೆ ಹೊಂದಿಕೊಂಡು ಹೋಗುವ ಗುಣ ಇಲ್ಲದ ಕಾರಣ ಎಂದ. ನಡುವೆ ಬಿಕಾಜ್ ಇತ್ತು. ಉಚ್ಚಾರ ಬಹಳ ಶುದ್ಧವಾಗಿತ್ತು. ಮುಂದುವರಿದು, ಮದುವೆಯ ದಿನ ಆಕೆ ಹಂದರದೊಳಗೆ ಮುಂದೆ ಮುಂದೆ ಓಡಾಡದಿದ್ದರೆ ನಮ್ಮ ತಾಯಿಗೆ ಸಮಾಧಾನ, ನೀವು ಕಲಿತವರು, ತಿಳಿದುಕೊಳ್ಳುತ್ತೀರಿ ಎಂದ.

ಅವನು ಈ ಮಾತು ಹೇಳುವಾಗ ಇಂಗ್ಲಿಷ್ ಬಾರದ ಅಕ್ಕ ಅವಲಕ್ಕಿಯ ತಟ್ಟೆ ಹಿಡಿದು ಬಾಗಿಲಲ್ಲೇ ನಿಂತಿದ್ದಳು. ನಮ್ಮ ಮಾತು ಮುಗಿಯಲಿ ಎಂದು ಕಾಯುತ್ತಿದ್ದಳು. ಅವನು ಆಕಡೆ ತಿರುಗಿದಾಗ ನಕ್ಕಳು ಕೂಡ. ಅವರೆಲ್ಲ ಹೋದ ಮೇಲೆ ನನ್ನ ಗಲ್ಲ ಹಿಂಡಿ, "ಏನ ಛಂದ ಇಂಗ್ಲೀಷ್ ಮಾತಾಡ್ತಾನ ಹುಡುಗ," ಅಂದಳು.

ಅಪ್ಪ ಕೇಳದೆ ಬಿಟ್ಟದ್ದನ್ನು, ಊರು ವರ್ಷಗಟ್ಟಲೆ ಅಗಿದರೂ ಮುಗಿಸಲಾರದ್ದನ್ನು ಅವನು ಒಂದು ವಾಕ್ಯದಲ್ಲಿ ಮುಗಿಸಿಬಿಟ್ಟಿದ್ದ. ಆವತ್ತಿನವರೆಗೆ ಅಷ್ಟು ಇಷ್ಟಪಟ್ಟಿದ್ದ ಆ ಕೊಂಡಿ ನನ್ನ ಅಕ್ಕನ ಕೊರಳಿಗೇ ಬಿದ್ದಿತ್ತು. ಮರುದಿನ ಬೆಳಿಗ್ಗೆ ಸಿಂದಗಿಗೆ ಹೊರಟೆ, ಅಪ್ಪ ಬಸ್ಸಿನವರೆಗೆ ಬಂದ. ದಾರಿಯಲ್ಲಿ ಹೇಳಿದೆ, "ಅಪ್ಪಾ, ಆ ಸಂಬಂಧ ನನಗ ಬ್ಯಾಡ."

ಅಪ್ಪ ಯಾಕೆ ಎನ್ನಲಿಲ್ಲ. "ಆತು," ಎಂದ. ನಾನೂ ಮುಂದೆ ಹೇಳಲಿಲ್ಲ. ಹಿರಿಯ ಮಗಳ ಬಗ್ಗೆ ಅಂಥ ಮಾತನ್ನು ಅವನ ಕಿವಿಗೆ ಹಾಕುವುದು ಬೇಡವಾಗಿತ್ತು. ನನ್ನ ಜೊತೆ ಹೊರಡಬೇಕಿದ್ದ ಅಕ್ಕ, ನೋಡಲು ಬಂದವರ ಗಡಿಬಿಡಿಯಲ್ಲಿ, ಮುಂದಿನ ಸಲ ಬರುತ್ತೇನೆ ಎಂದು ಹಿಂದೆ ಉಳಿದಳು.

ಮುಂದಿನ ಸಲ ನಾನು ಊರಿಗೆ ಹೋದಾಗ ಅಕ್ಕ ಇರಲಿಲ್ಲ. ಬಾಗೇವಾಡಿಯ ಯಾರೋ ಪರಿಚಯದವರಿಂದ ಮುದ್ದೇಬಿಹಾಳದ ಹಾಸ್ಟೆಲಿನಲ್ಲಿ ಅಡುಗೆಯ ಕೆಲಸ ಹಿಡಿದು ಹೋಗಿದ್ದಳು. "ಹೋಗ್ಯಾಳ," ಎಂದ ಅಪ್ಪ. ಹೋಗ್ಯಾಳ ಎಂದರೇನು? ನಾನು ಸಿಂದಗಿಯಲ್ಲಿ ಮನೆ ಮಾಡಿ, ಒಲೆ ಹಾಕಿಸಿ, ಎರಡು ಚಾಪೆ ಕೊಂಡು ಕಾಯುತ್ತಿದ್ದೆ. ಅಪ್ಪನ ಮುಖ ನೋಡಿದರೆ ಅವನಿಗೂ ತಿಳಿಯದೆ ಕೂತಂತಿತ್ತು. ವೈನಿಯ ಜೊತೆ ಹೊಂದಲಿಲ್ಲ, ಅದಕ್ಕೇ ಹೋದಳು ಎಂದಿತು ಊರು. ವೈನಿ ಕಣ್ಣೀರು ಹಾಕಿದಳು.

ನಾನೂ ಒಂದು ಕಾರಣ ಕಟ್ಟಿದೆ. ಇಂಗ್ಲಿಷ್ ಕಲಿಸುವವಳು, ಕಾರಣವಿಲ್ಲದೆ ನನಗೆ ನಿದ್ದೆ ಬರುತ್ತದೆಯೇ. ಓದಿದ ತಂಗಿಯ ಮನೆಯಲ್ಲಿ ರೊಟ್ಟಿ ಬಡಿಯುವುದು ಅವಳಿಗೆ ಸಣ್ಣತನ ಅನ್ನಿಸಿತು ಎಂದುಕೊಂಡೆ. ಹಾಗಿದ್ದರೆ ಯಾರದೋ ಮಕ್ಕಳಿಗೆ ಬಡಿಯುವುದು ದೊಡ್ಡತನವೇ ಎಂದು ಒಬ್ಬಳೇ ಜಗಳವಾಡಿದೆ. ಒಬ್ಬಳೇ ಇರುವವರ ಜಗಳ ಮುಗಿಯುವುದಿಲ್ಲ, ಎರಡೂ ಕಡೆ ನಾವೇ ಮಾತಾಡಬೇಕು.

ಸಿಂದಗಿಯಿಂದ ಇಂಡಿಗೆ ವರ್ಗವಾಯಿತು. ಶಾಲೆ ಬಿಟ್ಟ ಮೇಲೆ ಮನೆಗೆ ಬಂದು ಬೀಗ ತೆಗೆಯುವ ಹೊತ್ತು ನನಗೆ ಬಹಳ ಕಷ್ಟದ್ದು. ಒಳಗಿನಿಂದ ಯಾರೂ ಬಂದಿಯಾ ಅನ್ನುವುದಿಲ್ಲ. ಒಂದೇ ರೊಟ್ಟಿಗೆ ಹಿಟ್ಟು ನಾದಿದರೆ ಅದು ಕೈಗೇ ಹತ್ತಿಕೊಂಡು ಹೋಗುತ್ತದೆ ಎಂದು ಎರಡು ಹೊತ್ತಿನದನ್ನು ಒಮ್ಮೆಲೇ ಮಾಡಿ ಇಡುತ್ತಿದ್ದೆ. ಮನೆಯೊಡತಿ ಒಳ್ಳೆಯವಳು. ಆದರೆ ದಿನಕ್ಕೊಂದು ಪ್ರಶ್ನೆ ಹಿಡಿದು ಕಟ್ಟೆಗೆ ಬರುವಳು. "ಅಕ್ಕೋರ, ಲಗ್ನಾ ಯಾಕ ಆಗ್ಲಿಲ್ರಿ?" ನಾನು ನಕ್ಕು ಸುಮ್ಮನಾದರೆ ತಾನೇ ಉತ್ತರ ಹೇಳುವಳು. ಬಹಳ ಓದಿಬಿಟ್ಟಿರಿ, ಅದಕ್ಕೆ. ಜಾತಕ ಗಡುಸು ಇರಬೇಕು, ಅದಕ್ಕೆ. ಒಮ್ಮೆ ಮಾತ್ರ, ಹೂವಿನ ಹಿಪ್ಪರಗಿಯ ಕಡೆಯ ಯಾರಿಂದಲೋ ಕೇಳಿಬಂದು, "ನಿಮ್ಮ ಅಕ್ಕ ಗಂಡನ್ನ ಬಿಟ್ಟು ಬಂದಾಳಂತಲ್ರಿ, ಅದಕ್ಕೇನ್ರಿ?" ಅಂದಳು. ಆವತ್ತು ನಾನು ಎದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಂಡೆ. ಮರುದಿನ ಪಾಪ ಅವಳೇ ಒಂದು ಬಟ್ಟಲು ಸಾರು ಕಳಿಸಿದಳು.

ಸೂಟಿ ಬಂದರೆ ಮುದ್ದೇಬಿಹಾಳಕ್ಕೆ ಹೋಗುತ್ತಿದ್ದೆ. ವಿಜಾಪುರದಲ್ಲಿ ಬಸ್ಸು ಬದಲಿಸಿ, ಬಾಗೇವಾಡಿಯ ಸ್ಟ್ಯಾಂಡಿನಲ್ಲಿ ಚಹಾ ಕುಡಿದು, ಮತ್ತೆ ಧೂಳು ತಿನ್ನುತ್ತ ಪಯಣ. ಇಂಡಿಯ ನಿಂಬೆಹಣ್ಣು ಒಂದು ಚೀಲ ಒಯ್ಯುತ್ತಿದ್ದೆ. ಅಕ್ಕ ಅದರ ಉಪ್ಪಿನಕಾಯಿ ಹಾಕಿ ಹಾಸ್ಟೆಲಿನ ಹುಡುಗಿಯರಿಗೆ ಬಡಿಸುವಳು. ನನ್ನ ತಲೆಗೆ ಎಣ್ಣೆ ಹಚ್ಚುವಳು, ಬಡಕಲಾಗಿದ್ದೀ ಎನ್ನುವಳು. ಬಾ ಎಂದರೆ, "ಇಲ್ಲೇ ಛಲೋ ಐತಿ," ಅನ್ನುವಳು. ಅವಳ ಕೋಣೆ ಉಗ್ರಾಣದ ಪಕ್ಕದಲ್ಲಿ ಗೋಧಿ ಚೀಲಗಳ ನಡುವೆ ಇತ್ತು, ಅಲ್ಲಿ ಛಲೋ ಏನಿದೆ ಎಂದು ನನಗೆ ಕಾಣಲಿಲ್ಲ. ಅಪ್ಪ ತೀರಿಕೊಂಡಾಗ ಬಂದಳು, ದಿನಕರ್ಮ ಮುಗಿದ ಮರುದಿನವೇ ಹೊರಟಳು. ಬಸ್ಸಿನ ಕಿಟಕಿಯಲ್ಲಿ ಅವಳ ಕೈ ನೋಡುತ್ತ ನಿಂತಾಗ, ಇವಳಿಗೆ ನಾನು ಬೇಡವಾಗಿದ್ದೇನೆ ಎಂದು ನನಗೆ ಖಾತ್ರಿಯಾಯಿತು. ಅಷ್ಟು ದುಃಖ ನನಗೆ ಅಪ್ಪನ ಸಾವಿಗೂ ಆಗಿರಲಿಲ್ಲ. ಹೇಳಬಾರದು, ಆದರೆ ನಿಜ.

ಅದರ ಮುಂದಿನ ವರ್ಷ, ಚಳಿ ಮುಗಿಯುವ ಕಾಲ. ನಾನು ಹೋದಾಗ ಅಮಾವಾಸ್ಯೆ ಬಂದಿತ್ತು. ಅಕ್ಕ ಬೆಳಿಗ್ಗೆ ಹುಡುಗಿಯರ ನಾಷ್ಟಾ ಮುಗಿಸಿ, "ನಡಿ, ತಂಗಡಗಿಗೆ ಹೋಗಿ ಹೊಳ್ಯಾಗ ಮಿಂದು ಬರೂಣು," ಅಂದಳು. ಬುತ್ತಿ ಕಟ್ಟಿದಳು, ಸಜ್ಜೆ ರೊಟ್ಟಿ, ಶೇಂಗಾ ಚಟ್ನಿ, ಮೊಸರು. ಕೃಷ್ಣೆಯಲ್ಲಿ ಮಿಂದು ಗುಡಿಗೆ ಹೋಗಿಬಂದು ದಂಡೆಯ ಮೇಲೆ ಕೂತೆವು. ನೀರು ಇಳಿದಿತ್ತು. ಜನ ಅಲ್ಲಲ್ಲಿ ಸೀರೆ ಒಣಗಲು ಹರವಿದ್ದರು. ಅಕ್ಕ ನದಿಯನ್ನೇ ನೋಡುತ್ತಿದ್ದಳು.

"ಕೊಲ್ಹಾರದಾಗೂ ಇದಽ ಹೊಳಿ," ಅಂದಳು. ಕೊಲ್ಹಾರದ ಹೆಸರು ಅವಳ ಬಾಯಲ್ಲಿ ನಾನು ಕೇಳಿದ್ದು ಅದೇ ಮೊದಲು. "ಆವತ್ತ ನೀರಿಗಿ ಬಂದಿದ್ದೆ. ಕೊಡಾ ದಂಡಿ ಮ್ಯಾಗ ಇಟ್ಟೆ. ಮ್ಯಾಲೆ ರಸ್ತೆದಾಗ ಬಾಗೇವಾಡಿ ಬಸ್ಸು ನಿಂತಿತ್ತು. ಹತ್ತಿದೆ. ಕಂಡಕ್ಟರ ಅಪ್ಪನ ಕಡೆ ಅಂಗಿ ಹೊಲಿಸಿದಂವ, ಏನೂ ಕೇಳಲಿಲ್ಲ. ಬಂದೆ."

ನಾನು ಮುಂದಿನದಕ್ಕಾಗಿ ಕಾದೆ. ಮುಂದೆ ಏನೂ ಇರಲಿಲ್ಲ. ಎಲ್ಲ ಹೇಳಿ ಮುಗಿಸಿದ ಹಾಗೆ ಅವಳು ರೊಟ್ಟಿಯ ಗಂಟು ಬಿಚ್ಚಿದಳು. ಕೊಡ ಇನ್ನೂ ಅಲ್ಲೇ ಇರಬೇಕು ಎಂದು ನನಗೆ ಅನ್ನಿಸಿತು. ಇಷ್ಟು ವರ್ಷದ ಮೇಲೂ ಆ ಕೊಡದ ಚಿತ್ರ ನನ್ನ ಕಣ್ಣಲ್ಲಿದೆ.

ಉಣ್ಣುತ್ತ ಅವಳು ನನ್ನ ಮದುವೆಯ ಮಾತು ತೆಗೆದಳು. ಮುದ್ದೇಬಿಹಾಳದಲ್ಲೇ ಒಬ್ಬ ಮಾಸ್ತರ, ಹೆಂಡತಿ ತೀರಿದ್ದಾಳೆ, ಮಕ್ಕಳಿಲ್ಲ, ಸಂಭಾವಿತ. ಅವನ ಅತ್ತಿಗೆಯನ್ನು ತಾನಾಗಿಯೇ ಹೋಗಿ ವಿಚಾರಿಸಿ ಬಂದಿದ್ದಾಳೆ. ನಾನು ತಲೆ ಅಲ್ಲಾಡಿಸಿದೆ. ಅವಳು ಬಿಡಲಿಲ್ಲ.

"ಈಗೇನ ಅಡ್ಡಿ? ಈಗ ನಾ ಮನ್ಯಾಗ ಇಲ್ಲಲ್ಲ."

"ನೀ ಯಾವಾಗ ಅಡ್ಡಿ ಇದ್ದಿ?" ಅಂದೆ.

ಅವಳು ಕೈಯಲ್ಲಿದ್ದ ತುತ್ತು ಕೆಳಗಿಟ್ಟಳು. "ನನಗ ಗೊತ್ತಿಲ್ಲಂತ ತಿಳಿದಿಯೇನು? ಆ ಬ್ಯಾಂಕಿನ ಹುಡುಗಂದು ನನ್ನ ಸಲುವಾಗಿ ಮುರೀತು. ನಾ ಒಳಗ ಬಾಗಲ ಹಿಂದ ಇದ್ದೆ. ನೀ ಸಿಂದಗಿಗಿ ಹೋದ ಮ್ಯಾಲ ನಡುವಿನ ಹಿರಿಯರು ಬಂದಿದ್ರು. ಅಪ್ಪ ತಾನಽ ಹೇಳಿದ. ಹಿರೇಮಗಳು ಮನ್ಯಾಗ ಕುಂತಾಳ್ರಿ, ಆಕೀದು ಒಂದು ದಾರಿಗಿ ಹತ್ತೂತನಕ ಸಣ್ಣಾಕೀದು ಮಾಡಾಕ ಬರಂಗಿಲ್ಲ ಅಂದ. ನನ್ನ ಕಿವಿಯಾರ ಕೇಳೀನಿ."

ನನಗೆ ಒಮ್ಮೆಲೇ ಎಲ್ಲ ತಿಳಿಯಿತು. ನಮ್ಮಲ್ಲಿ ಹೆಣ್ಣಿನ ಕಡೆಯವರು, ನಮ್ಮ ಹುಡುಗಿಗೆ ನಿಮ್ಮ ಹುಡುಗ ಬೇಡ ಎಂದು ಹೇಳಿ ಕಳಿಸುವುದಿಲ್ಲ. ಅದು ಬಂದವರ ಮುಖಕ್ಕೆ ಹೊಡೆದಂತೆ. ಬೇಡವಾದರೆ ತಮ್ಮ ಮನೆಯದೇ ಏನಾದರೂ ತೊಡಕು ಮುಂದೆ ಮಾಡಬೇಕು. ದೋಷ ತಮ್ಮ ಹೊಸ್ತಿಲೊಳಗೇ ಇರಬೇಕು, ಬಂದವರು ಮಾನದಿಂದ ಎದ್ದು ಹೋಗಬೇಕು. ಅಪ್ಪ ಜೀವನವಿಡೀ ಮಾಡಿದ್ದನ್ನೇ ಮಾಡಿದ್ದ. ಅರಿವೆಗೆ ತಪ್ಪು ಹೊರಿಸಿದ್ದ. ಕೈಗೆ ಹತ್ತಿರ ಸಿಕ್ಕ ಅರಿವೆ ಅಕ್ಕನಾಗಿದ್ದಳು, ಅವಳು ಬಾಗಿಲ ಹಿಂದೆ ನಿಂತಿದ್ದಾಳೆಂದು ಅವನಿಗೆ ಗೊತ್ತಿರಲಿಲ್ಲ. ಹಿರಿಯರಿಗೂ ಅದು ನೆಪ ಎಂದು ತಿಳಿದಿರುತ್ತದೆ. ಇಡೀ ಜಗತ್ತಿನಲ್ಲಿ ಆ ಮಾತನ್ನು ನಂಬಿದವಳು ಇವಳೊಬ್ಬಳೇ. ನಂಬಿ, ತಂಗಿಗೆ ದಾರಿಯಾಗಲಿ ಎಂದು, ತಾನೇ ಬಯಸಿದ್ದ ಒಲೆಯನ್ನು ಬಿಟ್ಟು, ಗೋಧಿ ಚೀಲಗಳ ನಡುವೆ ಮಲಗಲು ಹೋಗಿದ್ದಳು. ಕೇಳಿದ್ದರೆ ಅಪ್ಪ ಹೇಳುತ್ತಿದ್ದ. ಅವಳು ಕೇಳಲಿಲ್ಲ. ಅವಳು ಯಾಕೆ ಹೊರಟಳೆಂದು ಅಪ್ಪನೂ ಕೇಳಲಿಲ್ಲ.

"ಅಕ್ಕಾ, ಬ್ಯಾಡ ಅಂದಾಕಿ ನಾನು," ಅಂದೆ. "ಬಸ್ಸಿಗಿ ಹೋಗೂವಾಗ ಅಪ್ಪಗ ಹೇಳಿದ್ದೆ. ಅಂವ ಹಿರಿಯರಿಗಿ ನೆಪಾ ಹೇಳ್ಯಾನ."

ಕೃಷ್ಣೆಯ ಆಚೆ ದಡದಲ್ಲಿ ಯಾರೋ ಎಮ್ಮೆಗಳನ್ನು ನೀರಿಗಿಳಿಸುತ್ತಿದ್ದರು. "ನೀ ಬ್ಯಾಡ ಅಂದಿ," ಅಂದಳು ತನಗೇ ಹೇಳಿಕೊಂಡಂತೆ. ಆಮೇಲೆ ನನ್ನ ಕಡೆ ತಿರುಗಿ, ನಮ್ಮ ಮನೆಯಲ್ಲಿ ಯಾರೂ ಯಾರಿಗೂ ಕೇಳದ ಪ್ರಶ್ನೆ ಕೇಳಿದಳು.

"ಯಾಕ ಬ್ಯಾಡ ಅಂದಿ?"

ಉತ್ತರ ನನ್ನ ನಾಲಗೆಯ ತುದಿಯಲ್ಲಿತ್ತು. ಅವನು ನಿನ್ನ ಬಗ್ಗೆ ಹಾಗೆ ಅಂದ ಕಾರಣ. ನೀನು ತಟ್ಟೆ ಹಿಡಿದು ನಗುತ್ತ ನಿಂತಿದ್ದ ಕಾರಣ. ಎಷ್ಟು ಸರಳವಾದ ವಾಕ್ಯ, ಎಂಟನೆಯ ಇಯತ್ತೆಯ ಹುಡುಗಿಯೂ ಬರೆಯಬಹುದು. ಆದರೆ ಅದನ್ನು ಹೇಳಿದರೆ ಸಂಬಂಧ ಮುರಿದದ್ದು ಕೊನೆಗೂ ಅವಳ ಸಲುವಾಗಿಯೇ ಆಗುತ್ತಿತ್ತು. ಅಪ್ಪ ಸುಮ್ಮನೆ ಹೇಳಿದ ಸುಳ್ಳು ನೆಪವನ್ನು ನಾನು ನಿಜ ಮಾಡಿಕೊಟ್ಟಂತೆ ಆಗುತ್ತಿತ್ತು. ಅವಳು ಎದ್ದು ಮತ್ತೆ ಹಾಸ್ಟೆಲಿಗೇ ಹೋಗುತ್ತಿದ್ದಳು, ಈ ಸಲ ಸಾಯುವ ತನಕ.

"ಅವನ ಮೂಗು," ಅಂದೆ.

"ಮೂಗು?"

"ಇಷ್ಟುದ್ದ ಇತ್ತಲ್ಲ. ನೀ ನೋಡಲಿಲ್ಲೇನು? ದಿನಾ ಮುಂಜಾನೆ ಎದ್ದು ಆ ಮೂಗು ಯಾರು ನೋಡಬೇಕು."

ಅಕ್ಕ ಮೊದಲು ನನ್ನನ್ನೇ ನೋಡಿದಳು, ಆಮೇಲೆ ನಗಲು ಶುರು ಮಾಡಿದಳು. ಸೆರಗು ಬಾಯಿಗೆ ಒತ್ತಿಕೊಂಡು, ಊರಲ್ಲಿ ಅಪ್ಪನ ಕಟ್ಟೆಯ ಹಿಂದೆ ಕೂತು ನಗುತ್ತಿದ್ದ ಹಾಗೆ ನಕ್ಕಳು. ನಗುತ್ತ ನಗುತ್ತ ಅತ್ತಳು. ನಾನೂ ಅತ್ತೆ. ಪಕ್ಕದಲ್ಲಿ ಸೀರೆ ಮಡಚುತ್ತಿದ್ದ ಮುದುಕಿಯೊಬ್ಬಳು, ಯಾರಾದರೂ ತೀರಿಕೊಂಡಾರೇನ್ರವ್ವಾ ಎಂದು ಕೇಳಿದಳು.

ಸಂಜೆ ಮುದ್ದೇಬಿಹಾಳದ ಸ್ಟ್ಯಾಂಡಿಗೆ ಅಕ್ಕ ನನ್ನನ್ನು ಕಳಿಸಲು ಬಂದಳು. ಬಸ್ಸು ಇನ್ನೂ ಬಂದಿರಲಿಲ್ಲ. ಅವಳು ರಸ್ತೆಯ ಕಡೆ ನೋಡುತ್ತಲೇ ಹೇಳಿದಳು, "ಅವನ ಮೂಗು ನೆಟ್ಟಗ ಇತ್ತು. ನಾ ನೋಡೇನಿ." ನಾನು ಚೀಲದ ಬಾಯಿ ಕಟ್ಟತೊಡಗಿದೆ. "ಅರಿವಿ ನೀರಾಗ ಕುಗ್ಗೇತಿ," ಅಂದಳು ಅಕ್ಕ. ಅದರ ಮುಂದೆ ಏನೂ ಕೇಳಲಿಲ್ಲ. ಕೇಳಿಯಾಳೆಂದು ನಾನು ಹೆದರಿದ್ದೆ. ಕೇಳಲಿಲ್ಲ.

ಬೇಸಿಗೆ ಸೂಟಿಗೆ ಹಾಸ್ಟೆಲಿನ ಹುಡುಗಿಯರೆಲ್ಲ ಊರಿಗೆ ಹೋದ ಮೇಲೆ ಅಕ್ಕ ಇಂಡಿಗೆ ಬಂದಳು. ಜೊತೆಗೆ ಟ್ರಂಕೂ ಇತ್ತು, ರೊಟ್ಟಿಯ ಕಲ್ಲೂ ಇತ್ತು. ಕಲ್ಲು ನೋಡಿದ ಮೇಲೆ ಎಷ್ಟು ದಿನಕ್ಕೆ ಬಂದೆ ಎಂದು ನಾನು ಕೇಳಬೇಕಾಗಲಿಲ್ಲ. ಬಂದವಳೇ ಒಳಗೆ ಹೋಗಿ ಒಲೆಯ ಮುಂದೆ ಕೂತು, ಇಷ್ಟು ವರ್ಷ ಈ ಹೊಗೆಯಲ್ಲಿ ಹೇಗೆ ಅಡುಗೆ ಮಾಡಿದೆ ಎಂದು ಬೈಯಲು ಶುರು ಮಾಡಿದಳು. ಮಾಡದಲ್ಲಿದ್ದ ತಾಟು ತೆಗೆದು ತೊಳೆದಳು.

ಆದರೂ ನನ್ನ ಒಂಟಿತನ ಪೂರ್ತಿ ಹೋಯಿತು ಎಂದು ಹೇಳಲಾರೆ. ಆ ಬೇವಿನ ಗಿಡದ ಕೆಳಗಿನ ಮಾತು ನನ್ನೊಬ್ಬಳಲ್ಲೇ ಉಳಿಯಿತು. ಪಕ್ಕದ ಚಾಪೆಯಲ್ಲಿ ಅವಳು ಮಲಗಿರುವಾಗಲೂ ಅದನ್ನು ನಾನು ಒಬ್ಬಳೇ ಕಾಯಬೇಕು. ಅಪ್ಪ ಅಷ್ಟು ಜನರ ಹೊಟ್ಟೆಯ ಅಳತೆ ಮನಸ್ಸಿನಲ್ಲೇ ಇಟ್ಟುಕೊಂಡು ಕಟ್ಟೆಯ ಮೇಲೆ ಒಬ್ಬನೇ ಹೇಗೆ ಕೂತಿರುತ್ತಿದ್ದನೋ, ಈಗ ಸ್ವಲ್ಪ ತಿಳಿಯುತ್ತದೆ.

ಅವಳು ಬಂದ ಮರುದಿನವೇ ಮನೆಯೊಡತಿ ಕಟ್ಟೆಗೆ ಬಂದಳು. ಕುತ್ತಿಗೆ ಉದ್ದ ಮಾಡಿ ಒಳಗೆ ನೋಡಿದಳು. ಒಳಗೆ ರೊಟ್ಟಿ ಬಡಿಯುವ ಸಪ್ಪಳ ಕೇಳುತ್ತಿತ್ತು. ಅವಳು ದನಿ ಇಳಿಸಿದಳು, ಆದರೆ ಅವಳ ಇಳಿಸಿದ ದನಿ ಎರಡು ಮನೆಗೆ ಕೇಳುವಂಥದು.

"ಅಕ್ಕೋರ, ನಿಮ್ಮ ಅಕ್ಕಾರು ಯಾಕ ಬಂದಾರ್ರಿ?"

ಬಾಗಿಲ ಹಿಂದೆ ರೊಟ್ಟಿಯ ಸಪ್ಪಳ ನಿಂತಿತು.

"ಬಂದಾಳ್ರಿ," ಅಂದೆ, ಒಳಗೆ ಕೇಳುವ ಹಾಗೆ. "ಆಕಿ ಮನಿ ಐತಿ."

ಒಳಗೆ ಅಕ್ಕ ಮತ್ತೆ ರೊಟ್ಟಿ ಬಡಿಯತೊಡಗಿದಳು.